ಡ್ರೈವರ್ ನಮ್ಮವನಲ್ಲ ಅಂತಾರೆ, ಒಪ್ಪಬೇಕಾ?

ಪ್ರಶ್ನೆ: ನನ್ನ ತಮ್ಮ ಸಿಗ್ನಲ್‌ನಲ್ಲಿ ಬೈಕ್ ನಿಲ್ಲಿಸಿಕೊಂಡಿದ್ದಾಗ ಲಾರಿ ಹಿಂದಿನಿಂದ ಬಂದು ಗುದ್ದಿತು. ಸೊಂಟದ ಮೂಳೆ ಮುರಿದಿದೆ. ಲಾರಿ ಬಾಗಿಲ ಮೇಲೆ ಸಾಗಣೆ ಕಂಪನಿಯ ಹೆಸರಿದೆ. ಕೇಳಿದರೆ, "ಗಾಡಿ ಬಾಡಿಗೆಯದು, ಡ್ರೈವರ್ ಗುತ್ತಿಗೆಯವನು, ತಪ್ಪು ಅವನದು" ಅನ್ನುತ್ತಾರೆ. ಆಸ್ಪತ್ರೆ ಖರ್ಚು ಕೊಡುತ್ತೇವೆ, ಒಂದು ಕಾಗದಕ್ಕೆ ಸಹಿ ಹಾಕಿ ಅಂತಲೂ ಹೇಳಿದ್ದಾರೆ. ಏನು ಮಾಡಲಿ? – ಹೆಸರು ಬೇಡ ಎಂದ ಓದುಗರು

ಉತ್ತರ: ಮೊದಲು ಆ ಕಾಗದದ ವಿಷಯ. ಸದ್ಯಕ್ಕೆ ಸಹಿ ಹಾಕಬೇಡಿ. "ಇನ್ನು ಮುಂದೆ ಯಾವ ತಕರಾರೂ ಇಲ್ಲ" ಅನ್ನುವ ಸಾಲು ಇಂಥ ಕಾಗದದಲ್ಲಿ ಎಲ್ಲಾದರೂ ಒಂದು ಕಡೆ ಅಡಗಿ ಕೂತಿರುತ್ತದೆ. ಇನ್ನೊಂದು ಆಪರೇಷನ್ ಬೇಕಾಗುತ್ತದಾ, ನಿಮ್ಮ ತಮ್ಮ ಮೊದಲಿನ ಕೆಲಸಕ್ಕೆ ಹೋಗಲು ಆಗುತ್ತದಾ ಅಂತ ಈಗಲೇ ಡಾಕ್ಟರೂ ಹೇಳಲಾರರು.

ಇನ್ನು "ನಮ್ಮವನಲ್ಲ" ಅನ್ನುವ ಮಾತು. ವಕೀಲಿಕೆಗೆ ಬರುವ ಮೊದಲು ನಾನು ಮೂರು ವರ್ಷ ಲಾರಿ ಆಫೀಸೊಂದರಲ್ಲಿ ಟ್ರಿಪ್ ಶೀಟ್ ಬರೆಯುತ್ತಿದ್ದೆ. ಗಾಡಿ ಸ್ವಂತದ್ದಾಗಲಿ ಬಾಡಿಗೆಯದಾಗಲಿ, ಶೀಟ್ ಒಂದೇ. ಯಾವ ಲೋಡು, ಯಾವ ದಾರಿ, ಎಷ್ಟು ಗಂಟೆಗೆ ತಲುಪಬೇಕು, ಎಲ್ಲ ನಾವೇ ತುಂಬುತ್ತಿದ್ದೆವು. ಡ್ರೈವರ್ ಕೆಳಗೆ ಸಹಿ ಹಾಕುತ್ತಿದ್ದ, ಅಷ್ಟೇ. ತಡವಾದರೆ ಅವನ ದುಡ್ಡು ಕಟ್. ಈಗ ನೀವೇ ಹೇಳಿ, ಅವನು ಯಾರ ಕಡೆಯವನು? ನ್ಯಾಯಾಲಯ ಕೂಡ ಒಪ್ಪಂದ ನೋಡಿ ಸುಮ್ಮನಾಗುವುದಿಲ್ಲ. ಹಿಡಿತ ಯಾರ ಕೈಯಲ್ಲಿತ್ತು ಅಂತ ಕೇಳುತ್ತದೆ.

ಅವನು ಕಂಪನಿಯ ಕೆಲಸದಲ್ಲಿದ್ದ ಅಂತಾದರೆ, "ಹುಷಾರಾಗಿ ಓಡಿಸು ಅಂತ ಹೇಳಿದ್ದೆವು" ಅನ್ನುವ ನೆಪ ನಡೆಯುವುದಿಲ್ಲ. ಲಂಡನ್ನಿನ ಕುದುರೆ ಬಸ್ ಕಂಪನಿಯೊಂದು, ಬೇರೆ ಬಸ್ಸಿಗೆ ಅಡ್ಡ ಹಾಕಬೇಡಿ ಅಂತ ಚಾಲಕರಿಗೆ ಬರೆದೇ ಕೊಟ್ಟಿತ್ತು. ಒಬ್ಬ ಬೇಕಂತಲೇ ಅಡ್ಡ ಹಾಕಿದ. ಆದರೂ 1862ರಲ್ಲಿ ಕಂಪನಿಯೇ ಹೊಣೆ ಅಂತ ತೀರ್ಪು ಬಂತು. ಬಸ್ ಓಡುತ್ತಿದ್ದುದು ಕಂಪನಿ ಕೆಲಸಕ್ಕೇ ಅಲ್ವಾ? ಡ್ರೈವರ್ ಸ್ವಂತ ಕೆಲಸಕ್ಕೆ ಗಾಡಿ ತಿರುಗಿಸಿಕೊಂಡು ಹೋಗಿದ್ದರೆ ಮಾತು ಬೇರೆ. ಹಾಗಾಗಿ ಆ ಹೊತ್ತಿಗೆ ಲಾರಿಯಲ್ಲಿ ಲೋಡು ಇತ್ತಾ, ಎಲ್ಲಿಗೆ ಹೊರಟಿತ್ತು ಅಂತ ವಿಚಾರಿಸಿ.

ಡ್ರೈವರ್ ನಿಜಕ್ಕೂ ಹೊರಗಿನವನೇ ಇರಲಿ, ಕಂಪನಿಯದೇ ತಪ್ಪು ಬೇರೆ ಇರಬಹುದು. ಲೈಸೆನ್ಸ್ ನೋಡದೆ ಕೆಲಸ ಕೊಟ್ಟಿರಬಹುದು. ಬ್ರೇಕ್ ಸವೆದಿರಬಹುದು, ಓವರ್‌ಲೋಡ್ ಇರಬಹುದು. ನನಗಂತೂ ನಿದ್ದೆಯ ಮೇಲೆ ಅನುಮಾನ ಜಾಸ್ತಿ. ಯುರೋಪಿನ ನಿಯಮದಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ಕಡ್ಡಾಯ. ನಾನು ಬರೆದ ಎಷ್ಟೋ ಶೀಟುಗಳಲ್ಲಿ "ಬೆಳಿಗ್ಗೆ 6ಕ್ಕೆ ಡೆಲಿವರಿ" ಅಂತಿರುತ್ತಿತ್ತು. ದೂರ ಲೆಕ್ಕ ಹಾಕಿದರೆ, ಡ್ರೈವರ್ ರಾತ್ರಿಯಿಡೀ ಊಟಕ್ಕೂ ನಿಲ್ಲಿಸಬಾರದು. ಬರೆದವಳು ನಾನೇ, ಅದಕ್ಕೇ ಇದು ತಲೆಯಿಂದ ಹೋಗಿಲ್ಲ.

ಈ ವಾರವೇ ವಕೀಲರ ಮೂಲಕ ಕಂಪನಿಗೆ ನೋಟಿಸ್ ಕಳಿಸಿ. ಟ್ರಿಪ್ ಶೀಟ್, ಜಿಪಿಎಸ್ ದಾಖಲೆ, ಕ್ಯಾಮೆರಾ ವಿಡಿಯೊ, ಗ್ಯಾರೇಜ್ ಬಿಲ್ಲು, ಯಾವುದನ್ನೂ ಅಳಿಸಬಾರದು, ಲಾರಿಯನ್ನೂ ರಿಪೇರಿ ಮಾಡಿಸಬಾರದು ಅಂತ ಸ್ಪಷ್ಟವಾಗಿ ಬರೆಸಿ. ಕ್ಯಾಮೆರಾದಲ್ಲಿ ಹಳೆಯ ವಿಡಿಯೊ ಮೇಲೆ ಹೊಸದು ತಾನಾಗಿಯೇ ಕೂರುತ್ತದೆ. ಅಮೆರಿಕದಂಥ ಕಡೆಯೂ ಚಾಲಕನ ಕೆಲಸದ ಗಂಟೆಗಳ ದಾಖಲೆಯನ್ನು ಕಂಪನಿ 6 ತಿಂಗಳು ಇಟ್ಟುಕೊಂಡರೆ ಸಾಕು. ಆಮೇಲೆ ಕೇಳಿದರೆ "ಇಲ್ಲ" ಅನ್ನಬಹುದು, ಅದು ಸುಳ್ಳೂ ಆಗಿರುವುದಿಲ್ಲ. ಪರಿಹಾರಕ್ಕೆ ಅರ್ಜಿ ಹಾಕುವ ಗಡುವನ್ನೂ ವಕೀಲರಲ್ಲೇ ಕೇಳಿಕೊಳ್ಳಿ.

ಇನ್ನೊಂದು ಮಾತು. ಡ್ರೈವರ್ ಮೇಲೆ ನಿಮಗೆ ಸಿಟ್ಟಿರುವುದು ಸಹಜ. ಆದರೆ ಆ ದಿನ ಎಷ್ಟು ಗಂಟೆಗೆ ಹೊರಟ, ಆಫೀಸಿನಿಂದ ಎಷ್ಟು ಸಲ ಫೋನ್ ಬಂತು ಅನ್ನುವುದು ಅವನಿಗೇ ಗೊತ್ತು. ಎಲ್ಲ ತಪ್ಪನ್ನೂ ಕಂಪನಿ ಅವನ ತಲೆಗೆ ಕಟ್ಟುತ್ತಿದೆ ಅಂತ ಅವನಿಗೆ ಇನ್ನೂ ತಿಳಿದಿರಲಿಕ್ಕಿಲ್ಲ. ನಿಮ್ಮ ವಕೀಲರು ಅವನ ಹೇಳಿಕೆ ಪಡೆಯಲು ಪ್ರಯತ್ನಿಸಲಿ.