ಕೊಲೆಗಾರ ಯಾರಂತ ದನಿಯೇ ಹೇಳಿಬಿಟ್ರೆ?

ಪತ್ತೇದಾರಿ, ಹಾರರ್, ಸೈನ್ಸ್ ಫಿಕ್ಷನ್ ಆಡಿಯೋಬುಕ್ ಕೇಳೋರು ತಮ್ಮ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೇಲಿ ಕೇಳಿದ್ವಿ. ಮುಂಬೈ, ಪುಣೆ, ಗೋವಾ ಮೂರೂ ಕಡೆಯಿಂದ ಬಂದಿವೆ, ಪ್ರಶ್ನೆಗಿಂತ ದೂರುಗಳೇ ಜಾಸ್ತಿ, ಇರ್ಲಿ. ನಾನು ಸ್ಟುಡಿಯೋ ಕಡೆಯವನಲ್ಲ, ನಿಮ್ಮ ಹಾಗೇ ಇಯರ್‌ಫೋನ್ ಹಾಕ್ಕೊಂಡು ಕೇಳೋನು, ಹಾಗಾಗಿ ಉತ್ತರಗಳೂ ಕೇಳುಗನ ಉತ್ತರಗಳೇ.

ಪ್ರಶ್ನೆ: ನಾನು ಲೋಕಲ್‌ನಲ್ಲಿ ಹೋಗ್ತಾ ಬರ್ತಾ ಬರೀ ಪತ್ತೇದಾರಿ ಕಾದಂಬರಿ ಕೇಳೋದು. ಅರ್ಧ ಪುಸ್ತಕ ಆಗೋಕ್ಕೆ ಮುಂಚೇನೇ ಕೊಲೆಗಾರ ಯಾರಂತ ಗೊತ್ತಾಗಿಬಿಡತ್ತೆ. ಕ್ಲೂ ಹಿಡಿದು ಅಲ್ಲ, ಓದೋರ ದನಿ ಕೇಳಿ! ನಮ್ಮನೆಯವಳು ನಿಮಗೆ ಎಲ್ಲರ ಮೇಲೂ ಅನುಮಾನ ಅಂತಾಳೆ. ತಪ್ಪು ನಂದಾ ಓದೋರದ್ದಾ? (ಡೊಂಬಿವಲಿಯ ಪ್ರಯಾಣಿಕ)

ಓದೋರದ್ದೇ, ಮನೆಯವರಿಗೆ ಈ ಪುಟ ತೋರಿಸಿ.

ಪುಸ್ತಕದಲ್ಲಿ "ಫೋನಿನ ಆ ಕಡೆಯಿಂದ ಒಂದು ಗೊಗ್ಗರು ದನಿ ಕೇಳಿಸಿತು" ಅಂತ ಬರೆದುಬಿಟ್ರೆ ಲೇಖಕರ ಕೆಲಸ ಮುಗೀತು, ಆ ದನಿ ಯಾರದ್ದಂತ ಕಾಗದಕ್ಕೇನು ಗೊತ್ತು. ಆಡಿಯೋದಲ್ಲಿ ಹಂಗಾಗಲ್ಲ, ಓದೋರು ಅದಕ್ಕೆ ಒಂದು ದನಿ ಕೊಡಲೇಬೇಕು, ಆರನೇ ಅಧ್ಯಾಯದಲ್ಲಿ ಮನೆಯ ಮ್ಯಾನೇಜರ್ ಬಾಯಿ ಬಿಟ್ಟಾಗ ಅದೇ ಗಂಟಲು ಕೇಳಿಸ್ತು ಅಂದ್ರೆ ಉಳಿದ ಎಂಟು ಗಂಟೆ ಕೇಳಿ ಏನು ಪ್ರಯೋಜನ ಹೇಳಿ. ಇದಕ್ಕಿಂತ ಸಾಮಾನ್ಯವಾದದ್ದು ಇನ್ನೊಂದಿದೆ. ಒಳ್ಳೆ ನರೇಟರ್‌ಗಳು ರೆಕಾರ್ಡಿಂಗ್‌ಗೆ ಮುಂಚೆ ಇಡೀ ಪುಸ್ತಕ ಓದಿಕೊಂಡಿರ್ತಾರೆ, ಓದಲೇಬೇಕು, ಇಲ್ಲಾಂದ್ರೆ ಕೊನೇ ಅಧ್ಯಾಯದಲ್ಲಿ ಈ ಪಾತ್ರಕ್ಕೆ ತೊದಲು ಇತ್ತು ಅಂತ ಗೊತ್ತಾಗಿ ಮೊದಲಿಂದ ಮತ್ತೆ ಕೂರಬೇಕಾಗತ್ತೆ. ಆದ್ರೆ ಓದಿಕೊಂಡಿದ್ದನ್ನ ಮೈಕ್ ಮುಂದೆ ಮರೆಯೋದು ಕಷ್ಟ. ಎರಡು ಸಾಲಿಗೆ ಬಂದು ಟೀ ಕೊಟ್ಟು ಹೋಗೋ ಪಾಪದ ಚಿಕ್ಕಪ್ಪನಿಗೆ ಯಾಕೋ ಸ್ವಲ್ಪ ಜಾಸ್ತಿ ಬಣ್ಣ ಹಾಕಿ ಓದ್ತಾರೆ, ಅವನೇ ಕಡೆಗೆ ಬೇಕಾಗೋನು ಅಂತ ಇವರಿಗೆ ಗೊತ್ತಲ್ಲ. ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್‌ಗೆ ಫಾಸ್ಟ್ ಲೋಕಲ್‌ನಲ್ಲೂ ಒಂದು ಗಂಟೆ ನಿಂತು ಬರೋ ಕಿವಿಗೆ ಅದು ಗೊತ್ತಾಗದೆ ಇರತ್ತಾ?

ಕ್ಲೂ ವಿಷಯದಲ್ಲೂ ಇದೇ ಕಥೆ. "ಅವನ ಚಪ್ಪಲಿಗೆ ಕೆಮ್ಮಣ್ಣು ಮೆತ್ತಿತ್ತು" ಅನ್ನೋ ವಾಕ್ಯ ಬರ್ತಿದ್ದಂಗೆ ಓದು ನಿಧಾನ ಆಗತ್ತೆ, ಆಮೇಲೊಂದು ಗ್ಯಾಪ್. ಮುಗೀತು. ಕೇಳೋರು ಪುಟ ಹಿಂದಕ್ಕೆ ತಿರುಗಿಸಿ ನೋಡೋಕಾಗಲ್ಲ ಪಾಪ ಅಂತ ಕನಿಕರ ಇರಬಹುದು, ಆದ್ರೆ ಆ ಕನಿಕರ ನಮಗೆ ಬೇಡ, ಕೆಮ್ಮಣ್ಣಿನ ವಾಕ್ಯವೂ ಕಾಫಿ ತರಿಸಿದ ವಾಕ್ಯವೂ ಒಂದೇ ಸ್ಪೀಡಲ್ಲಿ ಹೋಗಬೇಕು. ಇಂಗ್ಲಿಷ್ ಕೇಳ್ತೀರಾದ್ರೆ ಅಗಾಥಾ ಕ್ರಿಸ್ಟಿ ಪುಸ್ತಕಗಳನ್ನ ಹ್ಯೂ ಫ್ರೇಸರ್ ಓದಿದ್ದು ಒಂದು ಕೇಳಿ, ಟೀವಿ ಸರಣೀಲಿ ಪತ್ತೇದಾರ ಪ್ವಾರೋನ ಗೆಳೆಯ ಹೇಸ್ಟಿಂಗ್ಸ್ ಆಗಿದ್ದ ನಟ ಅವರು. ನಟನಾದ್ರೂ ಕಡಿಮೆ ನಟಿಸ್ತಾರೆ. ಎಲ್ಲಾ ಪಾತ್ರಗಳೂ ಒಂದು ಸಣ್ಣ ಅಳತೆಯೊಳಗೇ ಓಡಾಡ್ತವೆ, ದನಿ ಏರಿಳಿಸೋದಕ್ಕಿಂತ ಮಾತಿನ ವೇಗ, ಉಸಿರು ಇಷ್ಟರಲ್ಲೇ ಯಾರು ಅಂತ ತಿಳೀತದೆ. ಗಂಡಸರು ಹೆಂಗಸರ ಮಾತು ಬಂದಾಗ ಕೀರಲು ದನಿ ತೆಗೆಯೋದಿದೆಯಲ್ಲ, ಆ ಕರ್ಮವೂ ಅಲ್ಲಿಲ್ಲ.

ಎನ್. ನರಸಿಂಹಯ್ಯನವರ ಐನೂರು ಚಿಲ್ಲರೆ ಪತ್ತೇದಾರಿ ಕಾದಂಬರಿಗಳನ್ನ ಬಾಡಿಗೆಗೆ ತಂದು ಓದಿದ ತಲೆಮಾರು ನಮ್ಮಲ್ಲಿ ಇನ್ನೂ ಇದೆ. ಆ ಪುಸ್ತಕಗಳನ್ನ ನೀವು ಮನಸ್ಸಲ್ಲಿ ಯಾವ ದನಿ ಹಾಕ್ಕೊಂಡು ಓದಿದ್ರಿ? ದನಿಯೇ ಇರಲಿಲ್ಲ, ಓಟ ಇತ್ತು. ಮೈಕ್ ಮುಂದೆ ಪತ್ತೇದಾರಿ ಓದೋರೂ ಆ ಓಟ ಹಿಡಿದ್ರೆ ಸಾಕು.

ಪ್ರಶ್ನೆ: ತಾಳಮದ್ದಳೆಯಲ್ಲಿ ಶೇಣಿ, ಸಾಮಗರು ಹೇಳುವ ಅರ್ಥ ಕೇಳಿ ಬೆಳೆದ ಕಿವಿ ನಮ್ಮದು. ಮಗ ಫೋನಿಗೆ ಹಾಕಿಕೊಟ್ಟ ಆಡಿಯೋಬುಕ್ ತೀರಾ ಸಪ್ಪೆ ಅನಿಸಿತು. ಇವರಿಗೆ ತಾಳಮದ್ದಳೆಯ ಒಂದು ಟ್ರೈನಿಂಗ್ ಕೊಟ್ಟರೆ ಹೇಗೆ ಮಾರಾಯ್ರೇ? (ಮಾಟುಂಗಾದ ಹಿರಿಯರು)

ಮಳೆಗಾಲ ಬಂತಂದ್ರೆ ಮುಂಬೈಯ ಹಾಲ್‌ಗಳಲ್ಲಿ ತಾಳಮದ್ದಳೆ, ಅಂದ್ರೆ ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸೋ ಯಕ್ಷಗಾನ, ಹುಡುಕ್ಕೊಂಡು ಹೋಗೋರಲ್ಲಿ ನಾನೂ ಒಬ್ಬ, ಆದ್ರೂ ನಿಮ್ಮ ಮಾತು ಪೂರ್ತಿ ಒಪ್ಪಲ್ಲ. ಅಲ್ಲಿ ಅರ್ಥಧಾರಿಗೆ, ಅಂದ್ರೆ ಪಾತ್ರವಾಗಿ ಮಾತಾಡೋರಿಗೆ, ಒಂದೇ ಪಾತ್ರ. ಎದುರಿಗೆ ಇನ್ನೊಬ್ಬರು ಕೂತಿರ್ತಾರೆ, ಮಾತು ತನ್ನದೇ, ಪ್ರಸಂಗದ ಒಂದು ಪದ್ಯ ಇಟ್ಕೊಂಡು ಅರ್ಧ ಗಂಟೆ ವಾದ ಹೂಡಬಹುದು. ಆಡಿಯೋಬುಕ್ ಓದೋರು ಅಂದ್ರೆ ಪದ್ಯ ಹಾಡೋ ಭಾಗವತರೂ ಅವರೇ, ಕರ್ಣ ಅರ್ಜುನ ಇಬ್ಬರೂ ಅವರೇ, ಒಂದು ಪದ ಜಾಸ್ತಿ ಸೇರಿಸೋ ಹಾಗಿಲ್ಲ. ಒಂದೇ ಗಂಟಲಿಂದ ಇಬ್ಬರೂ ಏರುದನಿಯಲ್ಲಿ ಹತ್ತು ಗಂಟೆ ಗುದ್ದಾಡಿದ್ರೆ ಕೇಳೋರ ಗತಿ ಏನು!

ಆದ್ರೆ ಒಂದನ್ನ ಮಾತ್ರ ಇವರು ಅಲ್ಲಿಂದ ಕದಿಯಲೇಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ಹಳೇ ರೆಕಾರ್ಡಿಂಗ್ ಕೇಳಿ ನೋಡಿ, ಆ ಮಾತು ಅವರಿಗೆ ಈಗಷ್ಟೇ ಹೊಳೀತು ಅನ್ನೋ ಹಾಗಿರತ್ತೆ. ನಮ್ಮ ಬಹಳಷ್ಟು ಆಡಿಯೋಬುಕ್‌ಗಳಲ್ಲಿ ವಾರ್ತೆ ಓದಿದ ಹಾಗೆ ಪ್ರತಿ ವಾಕ್ಯದ ಕೊನೆಗೆ ಒಂದೇ ಇಳಿತ, ನಿಮಗೆ ಸಪ್ಪೆ ಅನ್ಸಿದ್ದು ಅದೇ ಇರಬೇಕು. ಥ್ರಿಲ್ಲರ್‌ನಲ್ಲಿ ಓದೋರಿಗೆ ಮುಂದಿನ ಸಾಲು ಗೊತ್ತಿಲ್ಲವೇನೋ ಅನ್ನಿಸಬೇಕು.

ಪ್ರಶ್ನೆ: ನಾವು ಮೂಲ ಗದಗಿನ ಕಡೆಯವ್ರು, ಹಡಪ್ಸರದಾಗ ಇರ್ತೀವಿ. ಕ್ರೈಂ ಕಾದಂಬರಿಯೊಳಗ ನಮ್ಮ ಕಡೆ ಇನ್ಸ್‌ಪೆಕ್ಟರ್ ಬಂದ್ನಂದ್ರ ಓದಾವ್ರು ಜೋಕ್ ಮಾಡಿದಂಗ ಓದ್ತಾರ್ರೀ. ಹೆಣದ ಮುಂದ ನಿಂತು ಮಾತಾಡಿದ್ರೂ ನಗಿ ಬರ್ತೈತಿ. ಇದಕ್ಕ ಏನರ ಮಾಡಾಕ ಬರ್ತೈತೇನ್ರೀ? (ಪುಣೆಯ ಓದುಗರು)

ಸಿನಿಮಾ ಕಾಮಿಡಿ ಟ್ರ್ಯಾಕ್‌ಗಳಿಂದ ಕಲಿತ ಚಾಳಿ ಅದು. ಮಾತಿಗೊಂದು "ರೀ" ಅಂಟಿಸಿ, ಎಳೆದು ಬಿಟ್ರೆ ಧಾರವಾಡ ಕಡೆ ಕನ್ನಡ ಆಯ್ತು ಅನ್ಕೋತಾರೆ. ಒತ್ತು ಎಲ್ಲಿ ಬೀಳತ್ತೆ, ಯಾವ ಸ್ವರ ಮೊಟಕಾಗತ್ತೆ ಅಂತ ಕೇಳಿಸ್ಕೊಳ್ಳದೆ ಬರಲ್ಲ, ಅದು ಬರದಿದ್ರೆ ಲೇಖಕರು ಬರೆದದ್ದನ್ನ ಸೀದಾ ಓದಿಬಿಡಲಿ, ನಾವು ಮನಸ್ಸಲ್ಲೇ ಸರಿ ಮಾಡ್ಕೊತೀವಿ. ಕುಂದಾಪುರ, ಮಂಗಳೂರು ಕಡೆಯವರ ದೂರೂ ಇದೇ. ಮುಂಬೈಯಲ್ಲಿ ನಡೆಯೋ ಅಂಡರ್‌ವರ್ಲ್ಡ್ ಕಥೆ ಆದ್ರಂತೂ ಚಿಂಚ್‌ಪೋಕ್ಳಿ ಅನ್ನೋ ಏರಿಯಾ ಹೆಸರು ಬಂದ ಕೂಡಲೇ ಎಡವಿ ಬೀಳ್ತಾರೆ. ಮರಾಠಿಯ ಎರಡು ಥರದ ಚ, ಜ ನಮ್ಮ ಲಿಪೀಲಿ ಒಂದೇ ಥರ ಕಾಣತ್ತೆ, ಪುಟ ನೋಡಿ ಗೊತ್ತಾಗಲ್ಲ ಅನ್ನೋದು ನಿಜ. ಆದ್ರೆ ಇಲ್ಲಿರೋ ಲಕ್ಷಗಟ್ಟಲೆ ಕನ್ನಡಿಗರಲ್ಲಿ ಒಬ್ಬರಿಗೆ ಫೋನ್ ಮಾಡಿ ಕೇಳೋಕೆ ಏನು ಅಡ್ಡಿ?

ಪ್ರಶ್ನೆ: ದೆವ್ವದ ಕಥೆಗಳಲ್ಲಿ ಹಿಂದುಗಡೆ ಮ್ಯೂಸಿಕ್ಕು, ಗಾಳಿ ಶಬ್ದ, ಮಧ್ಯೆ ಪಿಸುಮಾತು. ಟ್ರೈನಲ್ಲಿ ಏನೂ ಕೇಳಿಸಲ್ಲ, ವಾಲ್ಯೂಮ್ ಜಾಸ್ತಿ ಮಾಡಿದ್ರೆ ಮುಂದಿನ ಕಿರುಚಾಟಕ್ಕೆ ಕಿವಿ ತೂತಾಗತ್ತೆ. (ಮುಲುಂಡ್‌ನಿಂದ)

ರಾತ್ರಿ ಸ್ಟುಡಿಯೋದಲ್ಲಿ ದುಬಾರಿ ಹೆಡ್‌ಫೋನ್ ಹಾಕ್ಕೊಂಡು ಮಿಕ್ಸ್ ಮಾಡೋರಿಗೆ ಲೋಕಲ್ ಟ್ರೈನಿನ ಸದ್ದು ನೆನಪಿಗೇ ಬರಲ್ಲ. ಅತಿ ಮೆಲ್ಲಗಿನ ದನಿಗೂ ಅತಿ ಜೋರಿನದ್ದಕ್ಕೂ ಇರೋ ಅಂತರ ಕಡಿಮೆ ಮಾಡೋದನ್ನ ಕಂಪ್ರೆಷನ್ ಅಂತಾರೆ, ಆಡಿಯೋಬುಕ್‌ಗೆ ಅದು ಬೇಕೇ ಬೇಕು, ಸಿನಿಮಾ ಥಿಯೇಟರಿನ ಲೆಕ್ಕ ಇಲ್ಲಿ ನಡೆಯಲ್ಲ. ನೀವು ಮಾಡಬಹುದಾದ್ದು ಅಂದ್ರೆ ಕಿವಿಯೊಳಗೆ ಬಿಗಿಯಾಗಿ ಕೂರೋ ಇಯರ್‌ಫೋನ್, ಅಥವಾ ಅಂಥ ಪುಸ್ತಕಗಳನ್ನ ಮನೆಗೆ ಇಟ್ಕೊಳ್ಳೋದು. ರಾತ್ರಿ ಕೇಳಿದ್ರೆ ಸ್ಲೀಪ್ ಟೈಮರ್ ಹಾಕಿ, ಇಲ್ಲಾಂದ್ರೆ ನಿದ್ದೆಗಣ್ಣಲ್ಲಿ ಎರಡು ಕೊಲೆ ಆಗಿಹೋಗಿರತ್ತೆ.

ಮ್ಯೂಸಿಕ್ ಬಗ್ಗೆ ನನ್ನ ಮಾತು ಖಡಾಖಂಡಿತ: ಬೇಡ. ಹೆದರಿಸೋ ವಾಕ್ಯಕ್ಕೆ ಮುಂಚೆ ಹೆದರಿಸೋ ಮ್ಯೂಸಿಕ್ ಬಂದ್ರೆ ಅದು ಮುಂಚಿತವಾಗಿ ಕಳಿಸಿದ ನೋಟಿಸ್ ಆಯ್ತು. ಕಥೆಯೊಳಗೇ ಸದ್ದು ಇದ್ರೆ ಮಾತ್ರ ಬೇರೆ ಲೆಕ್ಕ. ಆಂಡಿ ವೀರ್ ಅವರ 2021ರ ಸೈನ್ಸ್ ಫಿಕ್ಷನ್ ಕಾದಂಬರಿ 'ಪ್ರಾಜೆಕ್ಟ್ ಹೇಲ್ ಮೇರಿ'ಯಲ್ಲಿ ಬೇರೆ ಲೋಕದ ಜೀವಿಯೊಂದು ಸ್ವರಗಳಲ್ಲೇ ಮಾತಾಡತ್ತೆ. ಪುಸ್ತಕದಲ್ಲಿ ಆ ಜಾಗಕ್ಕೆ ಸಂಗೀತದ ಚಿಹ್ನೆ ಹಾಕಿದ್ದಾರೆ ಅಷ್ಟೇ, ರೇ ಪೋರ್ಟರ್ ಓದಿರೋ ಆಡಿಯೋದಲ್ಲಿ ನಿಜವಾದ ಸ್ವರಗಳೇ ಕೇಳಿಸ್ತವೆ. ಪುಸ್ತಕಕ್ಕಿಂತ ಆಡಿಯೋನೇ ಮೇಲು ಅಂತ ನಾನು ಒಪ್ಪೋ ಅಪರೂಪದ ಕೇಸ್ ಇದು.

ಪ್ರಶ್ನೆ: 1.5 ಸ್ಪೀಡಲ್ಲಿ ಕೇಳೋದು ಓದೋರಿಗೆ ಅವಮಾನ ಮಾಡಿದ ಹಾಗಾ? (ಅಂಧೇರಿಯಿಂದ)

ಅವರಿಗೆ ಗೊತ್ತಾಗಲ್ಲ ಬಿಡಿ. ಆದ್ರೆ ಕನ್ನಡದಲ್ಲಿ ವಿಭಕ್ತಿ, ಕ್ರಿಯಾಪದದ ಪ್ರತ್ಯಯ ಎಲ್ಲ ಪದದ ಬಾಲದಲ್ಲೇ ಇರ್ತವೆ, ಬಾಲ ನುಂಗಿಹೋದ್ರೆ ಯಾರು ಯಾರನ್ನ ಕೊಂದ್ರು ಅನ್ನೋದೇ ಅದಲು ಬದಲು. ನಾನು 1.2 ದಾಟಲ್ಲ.

ಪ್ರಶ್ನೆ: ಮಗಳಿಗೆ ಹದಿಮೂರು ವರ್ಷ. ಮನೇಲಿ ಕನ್ನಡ ಮಾತಾಡ್ತಾಳೆ, ಶಾಲೇಲಿ ಇಂಗ್ಲಿಷ್ ಮರಾಠಿ ಹಿಂದಿ, ಕನ್ನಡ ಅಕ್ಷರ ಬರಲ್ಲ. ಅವಳಿಗೆ ಕನ್ನಡ ಆಡಿಯೋಬುಕ್ ಹಾಕಿದ್ರೆ ಅಕ್ಷರ ಕಲಿಯೋ ಆಸೆ ಪೂರ್ತಿ ಹೋಗಿಬಿಡತ್ತಾ? (ಕಾಂದಿವಲಿಯ ಅಮ್ಮ)

ಈಗ ಇರೋ ಆಸೆ ಎಷ್ಟು ಅಂತ ಮೊದಲು ನೋಡಿ, ಹೋಗೋಕೆ ಏನಾದ್ರೂ ಇರಬೇಕಲ್ಲ! ತಮಾಷೆ ಬಿಡಿ. ಕುಮಾರವ್ಯಾಸನನ್ನ ನಮ್ಮ ಅಜ್ಜ ಅಜ್ಜಿಯರಲ್ಲಿ ಎಷ್ಟು ಜನ ಓದಿ ತಿಳ್ಕೊಂಡಿದ್ರು? ಗಮಕಿಗಳು ವಾಚನ ಮಾಡೋದು, ಪಕ್ಕದಲ್ಲಿ ಕೂತೋರು ವ್ಯಾಖ್ಯಾನ ಹೇಳೋದು, ಜಗುಲೀಲಿ ಕೂತು ಕೇಳಿಯೇ ಗೊತ್ತಿತ್ತು. ಕೇಳೋದು ನಮಗೆ ಎರಡನೇ ದರ್ಜೆ ಓದು ಯಾವತ್ತೂ ಆಗಿರಲಿಲ್ಲ.

ಆದ್ರೆ ದಯವಿಟ್ಟು ಅವಳಿಗೆ ಮೊದಲೇ ನೀತಿಕಥೆ, ಘನವಾದ ಸಾಮಾಜಿಕ ಕಾದಂಬರಿ ಹಾಕಬೇಡಿ. ಪತ್ತೇದಾರಿ, ಕಾಡಿನ ಸಾಹಸ, ಭೂತದ ಕಥೆ, ಹಿಂಗೆ ಮುಂದೇನಾಯ್ತು ಅನ್ನೋ ಥರದ್ದು ಹಾಕಿ, ಗೊತ್ತಿಲ್ಲದ ಪದ ಬಂದ್ರೂ ಕಥೆ ಎಳ್ಕೊಂಡು ಹೋಗತ್ತೆ, ನಾವೆಲ್ಲ ಹಿಂದಿ ಕಲಿತಿದ್ದು ಹಂಗೇ ತಾನೇ. ಹಳೇ ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಗಳು ಇದಕ್ಕೆ ಒಳ್ಳೇದು, ಪ್ರತಿ ಕಂತಿನ ಕೊನೆಗೆ ಒಂದು ಕೊಕ್ಕೆ ಇರತ್ತೆ. ಹೋದ ವಾರದ ಕಥೆ ಮತ್ತೆ ಮತ್ತೆ ಹೇಳೋದು ದೊಡ್ಡೋರಿಗೆ ಬೋರು, ಅವಳಿಗೆ ಅದೇ ಉಪಕಾರ. ತಗೊಳ್ಳೋಕೆ ಮುಂಚೆ ಸ್ಯಾಂಪಲ್ ಅವಳೇ ಕೇಳ್ಲಿ, ದನಿ ಅವಳಿಗೆ ಹಿಡಿಸಬೇಕು, ನಿಮಗಲ್ಲ.

ಪ್ರಶ್ನೆ: ಕೆ.ಎನ್. ಗಣೇಶಯ್ಯನವರ ಥರದ ಇತಿಹಾಸದ ಥ್ರಿಲ್ಲರ್ ಇಷ್ಟ. ಅಡಿಟಿಪ್ಪಣಿ, ಚಿತ್ರ ಎಲ್ಲ ಇರೋ ಪುಸ್ತಕವನ್ನ ಆಡಿಯೋದಲ್ಲಿ ಹೇಗೆ ಕೇಳೋದು? ಗಾಡಿ ಓಡಿಸ್ತಾ ಕೇಳೋನು ನಾನು. (ವಾಸ್ಕೋದಿಂದ)

ಚಿತ್ರ, ಶಾಸನ, ಆಕರಗಳೇ ಅಂಥ ಪುಸ್ತಕದ ಅರ್ಧ ಮಜಾ, ಅದು ಕಿವಿಗೆ ಸಿಗಲ್ಲ. ಟಿಪ್ಪಣಿಗಳನ್ನ ಅಧ್ಯಾಯ ಮುಗಿದ ಮೇಲೆ ಒಟ್ಟಿಗೆ ಓದಿದ್ರೆ ಸಹಿಸಬಹುದು, ಚೇಸ್ ಮಧ್ಯೆ ನಿಲ್ಲಿಸಿ ಓದಿದ್ರೆ ನನಗಂತೂ ಸಿಟ್ಟು ಬರತ್ತೆ. ಅಂಥದ್ದನ್ನ ಕಾಗದದಲ್ಲೇ ಓದಿ, ಗಾಡಿಗೆ ಬೇರೆ ಇಟ್ಕೊಳ್ಳಿ. ಕೊಂಕಣ ರೈಲ್ವೇಲಿ ಊರಿಗೆ ಹೋಗೋರಿಗೂ ಇಲ್ಲೇ ಹೇಳ್ಬಿಡ್ತೀನಿ, ರತ್ನಾಗಿರಿ ಹತ್ರ ಕರಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರ್, ನೆಟ್‌ವರ್ಕ್ ನಂಬಬೇಡಿ. 64 ಕೆಬಿಪಿಎಸ್ ಕ್ವಾಲಿಟೀಲಿ ಹತ್ತು ಗಂಟೆ ಪುಸ್ತಕ 300 ಎಂಬಿ ಒಳಗೆ ಬರತ್ತೆ, ಮನೇಲೇ ಡೌನ್‌ಲೋಡ್ ಮಾಡ್ಕೊಳ್ಳಿ.

ಪ್ರಶ್ನೆ: ರಿಟೈರ್ ಆಗಿದ್ದೀನಿ, ದನಿ ಚೆನ್ನಾಗಿದೆ ಅಂತಾರೆ. ಹಳೇ ಪತ್ತೇದಾರಿ ಕಾದಂಬರಿ ಮನೇಲೇ ಓದಿ ರೆಕಾರ್ಡ್ ಮಾಡಿ ಇಂಟರ್ನೆಟ್‌ಗೆ ಹಾಕೋಣ ಅಂತ. ದುಡ್ಡಿಗಲ್ಲ, ಹಂಗಾಗಿ ಕಾನೂನಿನ ತೊಂದರೆ ಇಲ್ಲ ತಾನೇ? (ಠಾಣೆಯಿಂದ)

ಇದೆ ಸಾರ್. ದುಡ್ಡು ತಗೊಳ್ಳಲ್ಲ ಅಂದ ಮಾತ್ರಕ್ಕೆ ಹಕ್ಕು ನಮ್ಮದಾಗಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕಾಪಿರೈಟ್ ಇರತ್ತೆ, ಅದೂ ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ ಎಣಿಸ್ತಾರೆ. ನರಸಿಂಹಯ್ಯನವರು ಹೋಗಿದ್ದು 2011ರಲ್ಲಿ, ಅಂದ್ರೆ 2071 ಮುಗಿಯೋವರೆಗೆ ಅವರ ಮನೆಯವರನ್ನೋ ಹಕ್ಕು ಇರೋ ಪ್ರಕಾಶಕರನ್ನೋ ಕೇಳಲೇಬೇಕು. ಕೇಳಿ, ಕೇಳಿದ್ರೆ ಕೊಡೋರೂ ಇರ್ತಾರೆ, ಕೊಟ್ರೆ ಬರಹದಲ್ಲಿ ತಗೊಳ್ಳಿ. ಅಷ್ಟರೊಳಗೆ ಕೈ ಪಳಗಿಸೋಕೆ ಗಳಗನಾಥರು ಇದ್ದಾರೆ. 1942ರಲ್ಲಿ ತೀರಿಕೊಂಡವರು, 2003ರಿಂದ ಅವರ ಕೃತಿಗಳು ಎಲ್ಲರ ಸೊತ್ತು. ಪುಣೆಯ ಹರಿ ನಾರಾಯಣ ಆಪ್ಟೆಯವರ ಮರಾಠಿ ಐತಿಹಾಸಿಕ ಕಾದಂಬರಿಗಳನ್ನ ಕನ್ನಡಕ್ಕೆ ತಂದವರು, ಮಹಾರಾಷ್ಟ್ರದಲ್ಲಿ ಕೂತು ಅವರನ್ನ ಓದೋದು ಎಷ್ಟು ಚೆಂದ ನೋಡಿ. ಭಾಷೆ ಸ್ವಲ್ಪ ಹಳೇದು, ನಾಲಿಗೆಗೆ ಒಳ್ಳೇ ಕಸರತ್ತು.

ಮನೇಲಿ ರೆಕಾರ್ಡ್ ಮಾಡೋದಾದ್ರೆ ಫ್ಯಾನ್ ಆಫ್, ಫ್ರಿಜ್‌ನಿಂದ ದೂರ, ಬಟ್ಟೆ ತುಂಬಿರೋ ಕಪಾಟಿನ ಬಾಗಿಲು ತೆಗೆದು ಅದರ ಕಡೆ ಮುಖ ಮಾಡಿ ಕೂತ್ಕೊಳ್ಳಿ, ಬಟ್ಟೆಗೆ ಗೋಡೆ ಥರ ದನಿ ವಾಪಸ್ ಎಸೆಯೋ ಗುಣ ಇಲ್ಲ. ದೊಡ್ಡ ಆಡಿಯೋಬುಕ್ ಕಂಪನಿಗಳು ನಾವು ಸುಮ್ಮನಿದ್ದಾಗ ರೆಕಾರ್ಡಿಂಗ್‌ಗೆ ಬೀಳೋ ಸದ್ದು ಮೈನಸ್ 60 ಡೆಸಿಬಲ್‌ಗಿಂತ ಕಡಿಮೆ ಇರಬೇಕು ಅಂತ ಕೇಳ್ತವೆ, ಠಾಣೆ ಫ್ಲ್ಯಾಟಲ್ಲಿ ಅದು ರಾತ್ರಿ ಹನ್ನೆರಡರ ಮೇಲೇ ಸಿಗೋದು, ನೀವು ಅಷ್ಟು ತಲೆ ಕೆಡಿಸ್ಕೋಬೇಡಿ, ಕುಕ್ಕರ್ ಸೀಟಿ ಬರದಿದ್ರೆ ಸಾಕು. ಒಂದು ಅಧ್ಯಾಯ ಆದ ಮೇಲೆ ನನಗೂ ಕಳಿಸಿ, ಆದ್ರೆ ಖಳನಾಯಕ ಯಾರಂತ ಮೇಲ್‌ನಲ್ಲಿ ಬರೀಬೇಡಿ. ನಿಮ್ಮ ದನಿ ಕೇಳಿ ನನಗೆ ಗೊತ್ತಾಗಿಬಿಟ್ರೆ ಆ ಅಧ್ಯಾಯ ಮತ್ತೆ ರೆಕಾರ್ಡ್ ಮಾಡಬೇಕಾಗತ್ತೆ, ಈಗಲೇ ಹೇಳಿಟ್ಟಿದ್ದೀನಿ.