ಮನೆಯ ವೈ-ಫೈ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯ ವೈ-ಫೈ ಬಗ್ಗೆಯೇ ಇದ್ದವು. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ನಾನು ಕೇಬಲ್ ಎಳೆಯುವ ಕೆಲಸದಿಂದ ಈ ಕಡೆ ಬಂದವನು. ಗೋಡೆ ಕೊರೆದು, ಪೈಪಿನೊಳಗೆ ವೈರ್ ತೂರಿಸಿ, ತುದಿಗೆ ಪ್ಲಗ್ ಒತ್ತಿ ಕಲಿತವನು. ಹಾಗಾಗಿ ವೈರ್‌ಲೆಸ್ ಬಗ್ಗೆ ಕೇಳಿದರೂ ನನ್ನ ಉತ್ತರದಲ್ಲಿ ವೈರ್ ಬಂದೇ ಬರುತ್ತದೆ.

ಪ್ರಶ್ನೆ: ಹೊಸದಾಗಿ ಫೈಬರ್ ಸಂಪರ್ಕ ಹಾಕಿಸಿದ್ದೇವೆ ಸರ್. ಹಾಲ್‌ನಲ್ಲಿ ಚೆನ್ನಾಗಿ ಬರುತ್ತದೆ. ಒಳಗಿನ ಕೋಣೆಯಲ್ಲಿ ಮಗಳ ಆನ್‌ಲೈನ್ ಕ್ಲಾಸ್ ನಿಂತು ನಿಂತು ಬರುತ್ತದೆ. ರೂಟರ್ ಟಿವಿ ಹಿಂದಿನ ಕಪಾಟಿನಲ್ಲಿದೆ. ಕಣ್ಣಿಗೆ ಬೀಳಬಾರದು ಅಂತ ಬಾಗಿಲು ಹಾಕಿಟ್ಟಿದ್ದೇವೆ. ಆರು ಆಂಟೆನಾ ಇರುವ ರೂಟರ್ ತಂದರೆ ಸರಿಹೋಗುತ್ತದಾ?
— ಒಬ್ಬ ತಾಯಿ

ಉತ್ತರ: ಹೊಸ ರೂಟರ್ ಈಗಲೇ ತರಬೇಡಿ ಅಮ್ಮಾ. ಮೊದಲು ಇರುವುದನ್ನು ಕಪಾಟಿನಿಂದ ಹೊರಗೆ ತೆಗೆಯಿರಿ.

ಟಿವಿಯ ಒಳಗೆ ಅಗಲವಾದ ಲೋಹದ ತಗಡು ಇರುತ್ತದೆ. ರೇಡಿಯೊ ಅಲೆ ಲೋಹಕ್ಕೆ ಬಡಿದರೆ ವಾಪಸ್ ಬರುತ್ತದೆ, ಆಚೆ ದಾಟುವುದಿಲ್ಲ. ಫ್ರಿಜ್, ಸ್ಟೀಲ್ ಬೀರು, ಎಲ್ಲವೂ ಹೀಗೆಯೇ. ದೊಡ್ಡ ಕನ್ನಡಿಯನ್ನು ಜನ ಮರೆಯುತ್ತಾರೆ. ಅದರ ಹಿಂದೆಯೂ ತೆಳುವಾದ ಲೋಹದ ಲೇಪ ಇದೆ. ನೀರು ಅಲೆಯನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಮೀನಿನ ತೊಟ್ಟಿಯ ಪಕ್ಕವೂ ಬೇಡ. ಒಣ ಮರದ ಬಾಗಿಲು ಅಷ್ಟಾಗಿ ತಡೆಯುವುದಿಲ್ಲ. ಇಟ್ಟಿಗೆ ಗೋಡೆ ಸಾಕಷ್ಟು ತಡೆಯುತ್ತದೆ. ಒಳಗೆ ಕಬ್ಬಿಣದ ಸರಳು ಇರುವ ಕಾಂಕ್ರೀಟ್ ಎಲ್ಲಕ್ಕಿಂತ ಜಾಸ್ತಿ.

ರೂಟರ್‌ಗೆ ಒಳ್ಳೆಯ ಜಾಗ ಮನೆಯ ನಡುಭಾಗ. ಎದೆಮಟ್ಟಕ್ಕಿಂತ ಮೇಲೆ, ಸುತ್ತ ಖಾಲಿ ಇರಲಿ. ದೂರ ಎರಡರಷ್ಟಾದರೆ ಸಿಗ್ನಲ್ಲಿನ ಬಲ ಕಾಲು ಭಾಗಕ್ಕೆ ಇಳಿಯುತ್ತದೆ, ಅದೂ ನಡುವೆ ಏನೂ ಅಡ್ಡ ಇಲ್ಲದಾಗ. ಮೂಲೆಯಲ್ಲಿ ಇಟ್ಟ ರೂಟರ್ ತನ್ನ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಮನೆಯ ಹೊರಗೆ ಚೆಲ್ಲುತ್ತದೆ.

"ಫೈಬರ್ ಬರುವುದೇ ಮೂಲೆಗೆ, ಏನು ಮಾಡಲಿ?" ಅಂತ ನೀವು ಕೇಳುತ್ತೀರಿ. ಫೈಬರ್ ಎಳೆಯನ್ನು ಮಾತ್ರ ನೀವೇ ಎಳೆದಾಡಬೇಡಿ. ಅದು ಗಾಜು. ಚೂಪಾಗಿ ಬಗ್ಗಿಸಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಫೈಬರ್ ಪೆಟ್ಟಿಗೆ ಮೂಲೆಯಲ್ಲೇ ಇರಲಿ. ಅದರ ಲ್ಯಾನ್ ಪೋರ್ಟ್ ಎಂಬ ಕೇಬಲ್ ಕಿಂಡಿಯಿಂದ ಕ್ಯಾಟ್ 6 ಎಂಬ ಒಂದು ಲ್ಯಾನ್ ಕೇಬಲ್ ತಂದು, ರೂಟರನ್ನು ಮನೆಯ ನಡುವೆ ಇಡಿ. ಈ ಕೇಬಲ್ 100 ಮೀಟರ್ ತನಕ ವೇಗ ಕಡಿಮೆಯಾಗದಂತೆ ಸಾಗಿಸುತ್ತದೆ. ಫೈಬರ್ ಪೆಟ್ಟಿಗೆ, ರೂಟರ್ ಎರಡೂ ಒಂದರಲ್ಲೇ ಸೇರಿದ್ದರೆ, ಕಂಪನಿಯವರನ್ನೇ ಕರೆದು ಜಾಗ ಬದಲಿಸಿಕೊಡಿ ಅಂತ ಕೇಳಿ.

ಆಂಟೆನಾ ಲೆಕ್ಕಕ್ಕೆ ಮರುಳಾಗಬೇಡಿ. ಕೋಲಿನಂಥ ಆಂಟೆನಾ ತನ್ನ ಸುತ್ತಲೂ ಪಕ್ಕಕ್ಕೆ ಅಲೆ ಕಳಿಸುತ್ತದೆ, ತುದಿಯ ದಿಕ್ಕಿಗೆ ಬಹಳ ಕಡಿಮೆ. ಒಂದೇ ಮಹಡಿಯ ಮನೆಯಲ್ಲಿ ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿ. ಮೇಲೊಂದು ಮಹಡಿ ಇದ್ದರೆ ಒಂದನ್ನು ಅಡ್ಡ ಮಲಗಿಸಿ ನೋಡಿ.

ಜಾಗ ಬದಲಿಸಿದ ಮೇಲೆ ಅಳೆಯಿರಿ. ವೈ-ಫೈ ಸಿಗ್ನಲ್ ತೋರಿಸುವ ಉಚಿತ ಆ್ಯಪ್‌ಗಳಿವೆ. ಅದರಲ್ಲಿ ಡಿಬಿಎಂ ಅಂತ ಮೈನಸ್ ಅಂಕಿ ಕಾಣುತ್ತದೆ. ಮೈನಸ್ 50 ಅಂದರೆ ಬಹಳ ಚೆನ್ನಾಗಿದೆ. ಮೈನಸ್ 65ರ ಆಸುಪಾಸಿನಲ್ಲಿದ್ದರೆ ವಿಡಿಯೊ ಕ್ಲಾಸಿಗೆ ಧೈರ್ಯವಾಗಿ ಕೂರಬಹುದು. ಮೈನಸ್ 80 ದಾಟಿದರೆ ಆಗಾಗ ಕಡಿಯುತ್ತದೆ. ಮೈನಸ್ 50 ಇದ್ದದ್ದು ಮೈನಸ್ 53 ಆದರೆ ಬಲ ಅರ್ಧ ಆಯಿತು ಅಂತ ಅರ್ಥ. ಮಗಳು ಕೂರುವ ಜಾಗದಲ್ಲೇ, ಅವಳು ಬಾಗಿಲು ಹಾಕಿಕೊಂಡು ಓದುವ ಹಾಗೆಯೇ ಬಾಗಿಲು ಹಾಕಿ ಅಳೆಯಿರಿ. ಅಂಕಿ ಸರಿಯಿದ್ದೂ ಕ್ಲಾಸ್ ನಿಂತರೆ ತೊಂದರೆ ಬಹುಶಃ ವೈ-ಫೈಯದ್ದಲ್ಲ. ಆಗ ಕಂಪನಿಯವರ ಹತ್ತಿರ ಜಗಳ ಮಾಡಲು ನಿಮ್ಮ ಕೈಯಲ್ಲಿ ಆಧಾರ ಇರುತ್ತದೆ.

ಪ್ರಶ್ನೆ: ನಮ್ಮ ರೂಟರ್ ಎರಡು ಹೆಸರು ತೋರಿಸುತ್ತದೆ. ಒಂದರ ಕೊನೆಗೆ 5ಜಿ ಅಂತ ಇದೆ. ಇದು ಮೊಬೈಲ್‌ನ 5ಜಿಯಾ? ಯಾವುದಕ್ಕೆ ಸೇರಬೇಕು?
— ಪದವಿ ವಿದ್ಯಾರ್ಥಿ

ಉತ್ತರ: ಮೊಬೈಲ್‌ನ 5ಜಿಗೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿ ಅದು 5 ಗಿಗಾಹರ್ಟ್ಸ್ ಬ್ಯಾಂಡ್, ಅಂದರೆ ರೇಡಿಯೊ ಅಲೆಗಳ ಒಂದು ಪಟ್ಟಿ. ಇನ್ನೊಂದು 2.4 ಗಿಗಾಹರ್ಟ್ಸ್. 2.4ರ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 5ರದ್ದು ಅದರ ಅರ್ಧಕ್ಕಿಂತ ಕಡಿಮೆ. ಉದ್ದ ಅಲೆ ಗೋಡೆ ದಾಟಿ ದೂರ ಹೋಗುತ್ತದೆ. 5ರಲ್ಲಿ ಜಾಗ ವಿಶಾಲ, ವೇಗ ಜಾಸ್ತಿ, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತು.

ರೂಟರ್ ಇರುವ ಕೋಣೆಯಲ್ಲೋ ಪಕ್ಕದ ಕೋಣೆಯಲ್ಲೋ ಇದ್ದರೆ 5ಕ್ಕೆ ಸೇರಿ. ದೂರ ಇದ್ದರೆ 2.4. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟರೆ ಫೋನ್ ತಾನೇ ಆರಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ನಾನು ಮನೆಗಳಲ್ಲಿ ಮಾಡುವುದು ಇದನ್ನೇ. ಒಂದು ಸಂದರ್ಭದಲ್ಲಿ ಮಾತ್ರ ಇದು ತೊಡಕಾಗುತ್ತದೆ: ಸ್ಮಾರ್ಟ್ ಬಲ್ಬ್, ಸ್ಮಾರ್ಟ್ ಪ್ಲಗ್‌ಗಳಲ್ಲಿ ಹೆಚ್ಚಿನವಕ್ಕೆ 2.4 ಮಾತ್ರ ಗೊತ್ತು. ಅವು ಜೋಡಣೆಯಾಗದೆ ಸತಾಯಿಸಿದರೆ ಸ್ವಲ್ಪ ಹೊತ್ತು 5 ಬ್ಯಾಂಡ್ ಆಫ್ ಮಾಡಿ ಸೇರಿಸಿ.

2.4 ಬ್ಯಾಂಡ್ ಇಕ್ಕಟ್ಟು. ಅಪಾರ್ಟ್‌ಮೆಂಟ್‌ನಲ್ಲಿ ಅಕ್ಕಪಕ್ಕದವರೆಲ್ಲ ಅದರಲ್ಲೇ ಇರುತ್ತಾರೆ. ಬ್ಲೂಟೂತ್ ಅಲ್ಲೇ, ಮೈಕ್ರೋವೇವ್ ಒಲೆಯೂ ಸುಮಾರು 2.45ರಲ್ಲೇ ಕೆಲಸ ಮಾಡುತ್ತದೆ. ಒಲೆ ಓಡುವಾಗ ವಿಡಿಯೊ ನಿಂತರೆ ಕಾರಣ ಅದೇ. ಚಾನೆಲ್, ಅಂದರೆ ಬ್ಯಾಂಡಿನೊಳಗಿನ ಓಣಿ, ನೀವೇ ಆರಿಸುವುದಾದರೆ 1, 6, 11 ಈ ಮೂರರಲ್ಲಿ ಒಂದನ್ನು ಹಿಡಿಯಿರಿ. ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಆದರೆ ಒಂದೊಂದು ಸಿಗ್ನಲ್‌ಗೂ ಬೇಕಾಗುವ ಅಗಲ 20. ಒಂದರ ಮೇಲೊಂದು ಬೀಳದೆ ಇರುವುದು ಈ ಮೂರೇ. ಯಾವುದೂ ಖಾಲಿ ಇಲ್ಲ ಅಂತ 3ನೇ ಚಾನೆಲ್‌ಗೆ ಹೋದರೆ 1ರವರ ಗದ್ದಲವೂ 6ರವರ ಗದ್ದಲವೂ ನಿಮ್ಮ ಮೇಲೆಯೇ.

ಪ್ರಶ್ನೆ: 300 ಎಂಬಿಪಿಎಸ್ ಪ್ಲಾನ್ ತೆಗೆದುಕೊಂಡಿದ್ದೇನೆ. ಡೌನ್‌ಲೋಡ್ ಮಾಡುವಾಗ 35 ಅಂತ ಮಾತ್ರ ತೋರಿಸುತ್ತದೆ. ಮೋಸ ಅಲ್ವಾ?
— ಮನೆಯಿಂದ ಕೆಲಸ ಮಾಡುವ ಓದುಗ

ಉತ್ತರ: ಮೋಸ ಇಲ್ಲ. ಪ್ಲಾನ್ ಇರುವುದು ಮೆಗಾಬಿಟ್‌ನಲ್ಲಿ, ಡೌನ್‌ಲೋಡ್ ತೋರಿಸುವುದು ಮೆಗಾಬೈಟ್‌ನಲ್ಲಿ. ಒಂದು ಬೈಟ್‌ಗೆ 8 ಬಿಟ್. 300ನ್ನು 8ರಿಂದ ಭಾಗಿಸಿದರೆ 37.5. ನಿಮಗೆ ಬರಬೇಕಾದ್ದು ಬರುತ್ತಿದೆ.

ಇದೇ ಮಾತಿಗೆ ಸೇರಿದ ಇನ್ನೊಂದು ಗುಟ್ಟು ಹೇಳುತ್ತೇನೆ. ಸ್ಪೀಡ್ ಟೆಸ್ಟ್‌ನಲ್ಲಿ ಎಷ್ಟು ಸಲ ನೋಡಿದರೂ ವೇಗ 94ರ ಹತ್ತಿರವೇ ನಿಂತುಬಿಟ್ಟರೆ ವೈ-ಫೈ ಮೇಲೆ ಸಂಶಯ ಪಡಬೇಡಿ, ಕೇಬಲ್ ನೋಡಿ. ಲ್ಯಾನ್ ಕೇಬಲ್‌ನಲ್ಲಿ ಎಂಟು ಎಳೆಗಳಿವೆ. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ಒಂದು ಎಳೆ ಪ್ಲಗ್ಗಿನೊಳಗೆ ಸರಿಯಾಗಿ ಕೂರದಿದ್ದರೂ ಎರಡೂ ಕಡೆಯ ಪೋರ್ಟ್‌ಗಳು ನಾಲ್ಕೇ ಎಳೆಯಲ್ಲಿ ನಡೆಯುವ 100ಕ್ಕೆ ಇಳಿದುಬಿಡಬಹುದು. ರೂಟರ್‌ನ ಪೋರ್ಟೇ ಹಳೆಯ 100ರದ್ದಾಗಿದ್ದರೂ ಹೀಗೇ. ಸುಮ್ನೆ ಕೇಬಲ್ ಬದಲಿಸಿ ನೋಡಿ. ಆ 94 ಎಂಬ ಅಂಕಿ ಕಂಡರೆ ಅರ್ಧ ರಿಪೇರಿ ಆದಂತೆಯೇ.

ಪ್ರಶ್ನೆ: ವೈ-ಫೈ ಕಂಡುಹಿಡಿದವರು ಯಾರು?
— ಹೈಸ್ಕೂಲ್ ವಿದ್ಯಾರ್ಥಿನಿ

ಉತ್ತರ: ಒಬ್ಬರ ಹೆಸರು ಹೇಳಲು ಆಗುವುದಿಲ್ಲ ಮಗಳೇ. 1985ರಲ್ಲಿ ಅಮೆರಿಕ ಕೆಲವು ರೇಡಿಯೊ ಬ್ಯಾಂಡ್‌ಗಳನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟುಕೊಟ್ಟಿತು. 1997ರಲ್ಲಿ ಐಇಇಇ ಎಂಬ ಎಂಜಿನಿಯರ್‌ಗಳ ಸಂಸ್ಥೆ ವೈ-ಫೈಗೆ ಆಧಾರವಾದ 802.11 ಎಂಬ ಮೊದಲ ಮಾನದಂಡ ಹೊರತಂದಿತು. ಆಗಿನ ವೇಗ ಹೆಚ್ಚೆಂದರೆ 2 ಎಂಬಿಪಿಎಸ್. ನಡುವೆ ನನಗೆ ಬಹಳ ಇಷ್ಟವಾದ ಒಂದು ಕತೆ ಇದೆ. ಆಸ್ಟ್ರೇಲಿಯಾದ ಜಾನ್ ಓ'ಸಲಿವನ್ ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಹುಡುಕುತ್ತಿದ್ದವರು. ಪುಟ್ಟ ಕಪ್ಪುಕುಳಿಗಳು ಸಿಡಿದರೆ ಬರಬಹುದಾದ ಸದ್ದು ಸಿಗುತ್ತದೆಯೇ ಅಂತ ನೋಡುತ್ತಿದ್ದರು. ಅದು ಸಿಗಲಿಲ್ಲ. ಕಲಸಿಹೋದ ಸಿಗ್ನಲ್ಲನ್ನು ಬಿಡಿಸುವ ಗಣಿತ ಅವರ ಕೈಯಲ್ಲಿ ಉಳಿಯಿತು. ಮನೆಯೊಳಗೆ ಅಲೆ ಗೋಡೆಗೋಡೆಗೆ ಬಡಿದು, ಒಂದೇ ಮಾತು ಹಲವು ದಾರಿಯಿಂದ ತಡವಾಗಿ ಬಂದು ಕಲಸಿಹೋಗುತ್ತದೆ. ಅದನ್ನು ಬಿಡಿಸುವ ವಿಧಾನಕ್ಕೆ ಅವರ ತಂಡ ಕೆಲಸ ಮಾಡುತ್ತಿದ್ದ ಸಿಎಸ್‌ಐಆರ್‌ಒ ಎಂಬ ಸಂಶೋಧನಾ ಸಂಸ್ಥೆಗೆ 1996ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ವಿಜ್ಞಾನದ ಪಾಠ ಓದುವಾಗ "ಇದರಿಂದ ಏನು ಉಪಯೋಗ?" ಅಂತ ಯಾರಾದರೂ ಕೇಳಿದರೆ ಈ ಕತೆ ಹೇಳು.

ಪ್ರಶ್ನೆ: ಮೇಲಿನ ಮಹಡಿಗೆ ಸಿಗ್ನಲ್ ಬರುವುದಿಲ್ಲ. ರಿಪೀಟರ್ ತಂದು ಮೇಲಿನ ಕೋಣೆಯಲ್ಲಿ ಹಾಕಿದೆ. ಕಡ್ಡಿ ಪೂರ್ತಿ ತೋರಿಸುತ್ತದೆ, ಇಂಟರ್‌ನೆಟ್ ಮಾತ್ರ ನಿಧಾನ. ಮೆಶ್ ಹಾಕಿಸಬೇಕಾ? ಹಳೆಯ ರೂಟರ್ ಒಂದು ಸುಮ್ಮನೆ ಬಿದ್ದಿದೆ, ಅದು ಪ್ರಯೋಜನಕ್ಕೆ ಬರುತ್ತದಾ?
— ನಿವೃತ್ತ ಶಿಕ್ಷಕರು

ಉತ್ತರ: ಮೇಷ್ಟ್ರೇ, ಫೋನ್ ತೋರಿಸುವ ಕಡ್ಡಿ ರಿಪೀಟರ್‌ವರೆಗಿನದ್ದು. ರಿಪೀಟರ್‌ಗೆ ಕೆಳಗಿನಿಂದ ಬರುವುದೇ ಕ್ಷೀಣವಾಗಿದ್ದರೆ ಅದು ಕೊಡುವುದಾದರೂ ಏನನ್ನು? ಸಿಗ್ನಲ್ ಸತ್ತ ಜಾಗದಲ್ಲಿ ರಿಪೀಟರ್ ಇಡಬಾರದು. ಇನ್ನೂ ಚೆನ್ನಾಗಿ ಬರುವ ಕಡೆ, ನಿಮ್ಮ ಮನೆಯಲ್ಲಾದರೆ ಮೆಟ್ಟಿಲಿನ ತಿರುವಿನಲ್ಲಿ, ಇಡಬೇಕು. ಆಗಲೂ ಅಗ್ಗದ ರಿಪೀಟರ್‌ಗೆ ಒಂದೇ ರೇಡಿಯೊ. ಕೇಳಿಸಿಕೊಂಡಿದ್ದನ್ನೇ ಮತ್ತೆ ಹೇಳಬೇಕು, ಎರಡನ್ನೂ ಒಟ್ಟಿಗೆ ಮಾಡಲಾರದು. ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಮೆಶ್, ಅಂದರೆ ಮನೆಯಲ್ಲಿ ಅಲ್ಲಲ್ಲಿ ಇಡುವ ವೈ-ಫೈ ಪೆಟ್ಟಿಗೆಗಳ ಗುಂಪು, ಇದಕ್ಕಿಂತ ಉತ್ತಮ. ಎಲ್ಲ ಪೆಟ್ಟಿಗೆಗಳೂ ಒಂದೇ ಹೆಸರಿನಲ್ಲಿ ಹೊಂದಿಕೊಂಡು ಕೆಲಸ ಮಾಡುತ್ತವೆ, ಓಡಾಡುವಾಗ ಫೋನ್ ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತದೆ. ಆದರೆ ಮೆಶ್ ಪೆಟ್ಟಿಗೆಗಳೂ ತಮ್ಮೊಳಗೆ ಗಾಳಿಯಲ್ಲೇ ಮಾತಾಡಿಕೊಂಡರೆ ಸ್ಲ್ಯಾಬ್ ಅಲ್ಲೂ ಅಡ್ಡ ಬರುತ್ತದೆ. ಮೆಟ್ಟಿಲ ಪಕ್ಕ ಒಂದು ಕೇಬಲ್ ಎಳೆಸಲು ನಿಮ್ಮಿಂದ ಆದರೆ, ಮೆಶ್ ಬೇಕಾಗಿಯೇ ಇಲ್ಲ. ಹಳೆಯ ರೂಟರ್ ಸಾಕು.

ಮಾಡುವುದು ಹೀಗೆ. ಹಳೆಯ ರೂಟರ್‌ಗೆ ಪವರ್ ಕೊಟ್ಟು, ರೀಸೆಟ್ ಗುಂಡಿಯನ್ನು ಪಿನ್ನಿನಿಂದ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಲ್ಯಾಪ್‌ಟಾಪ್‌ನಿಂದ ಕೇಬಲ್ ಜೋಡಿಸಿ, ಬ್ರೌಸರ್‌ನಲ್ಲಿ ಅದರ ವಿಳಾಸ ಹಾಕಿ. 192.168.0.1 ಅಥವಾ 192.168.1.1 ಇರಬಹುದು, ಪೆಟ್ಟಿಗೆಯ ತಳದ ಚೀಟಿಯಲ್ಲಿ ಬರೆದಿರುತ್ತದೆ. ಸೆಟ್ಟಿಂಗ್‌ನಲ್ಲಿ "ಆಕ್ಸೆಸ್ ಪಾಯಿಂಟ್ ಮೋಡ್" ಇದ್ದರೆ ಅದನ್ನು ಆರಿಸಿ, ಕೆಲಸ ಮುಗಿಯಿತು. ಇಲ್ಲದಿದ್ದರೆ ಮೂರು ಕೆಲಸ ಕೈಯಾರೆ ಮಾಡಬೇಕು. ಮೊದಲು ವೈ-ಫೈ ಹೆಸರು, ಪಾಸ್‌ವರ್ಡ್ ಕೆಳಗಿನದ್ದೇ ಕೊಡಿ, ಚಾನೆಲ್ ಮಾತ್ರ ಬೇರೆ. ಕೆಳಗೆ 1 ಇದ್ದರೆ ಮೇಲೆ 6. ಆಮೇಲೆ ಡಿಎಚ್‌ಸಿಪಿ ಆಫ್ ಮಾಡಿ. ಮನೆಯ ಸಾಧನಗಳಿಗೆ ನಂಬರ್ ಹಂಚುವ ಕೆಲಸ ಒಬ್ಬರೇ ಮಾಡಬೇಕು, ಇಬ್ಬರು ಹಂಚಿದರೆ ಗೊಂದಲ. ಕೊನೆಗೆ ಇದರ ವಿಳಾಸ ಬದಲಿಸಿ. ಮುಖ್ಯ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಅದೇ ನಂಬರ್ ಬೇರೆ ಯಾವುದಕ್ಕೂ ಹೋಗದಂತೆ ಮುಖ್ಯ ರೂಟರ್‌ನ ಹಂಚಿಕೆ ಪಟ್ಟಿಯಿಂದ ಅದನ್ನು ಹೊರಗಿಡಿ. ಕೆಳಗಿನಿಂದ ಬಂದ ಕೇಬಲ್ಲನ್ನು ಹೊರಗಿನ ಇಂಟರ್‌ನೆಟ್‌ಗೆಂದು ಇರುವ ವ್ಯಾನ್ ಪೋರ್ಟ್‌ಗೆ ಹಾಕಬೇಡಿ. ಹೆಚ್ಚಿನ ರೂಟರ್‌ಗಳಲ್ಲಿ ಅದರ ಬಣ್ಣವೇ ಬೇರೆ. ಲ್ಯಾನ್ ಪೋರ್ಟ್‌ಗೆ ಹಾಕಿ.

ನೀವು ಮೇಲೆ ಕೂತು ಓದುವ ಜಾಗಕ್ಕೆ ಇದು ಯಾವ ರಿಪೀಟರ್‌ಗಿಂತಲೂ ಚೆನ್ನಾಗಿ ನಡೆಯುತ್ತದೆ. ಆದರೆ ಆ ರೂಟರ್‌ನಲ್ಲಿ ಡಬ್ಲ್ಯುಪಿಎ2 ಭದ್ರತೆ ಇದೆಯೇ ನೋಡಿಕೊಳ್ಳಿ. ಡಬ್ಲ್ಯುಇಪಿ ಎಂಬ ದುರ್ಬಲ ಭದ್ರತೆ ಮಾತ್ರ ಇರುವಷ್ಟು ಹಳೆಯದಾದರೆ ಬಳಸಲೇಬೇಡಿ.

ಪ್ರಶ್ನೆ: ವೈ-ಫೈ ಹೆಸರನ್ನು ಕಾಣದಂತೆ ಮಾಡಿದರೆ ಯಾರೂ ಕದಿಯಲಾರರು ಅಂತ ಅಣ್ಣ ಹೇಳುತ್ತಾನೆ. ಹೌದಾ?
— ಗೃಹಿಣಿ

ಉತ್ತರ: ಇಲ್ಲ. ಹೆಸರು ಬಚ್ಚಿಟ್ಟರೂ ನಿಮ್ಮ ಫೋನ್ ಸೇರುವಾಗ ಅದನ್ನು ಕೂಗಿಯೇ ಹೇಳುತ್ತದೆ. ಹುಡುಕುವವರಿಗೆ ಅಷ್ಟು ಸಾಕು. ಅಣ್ಣನಿಗೆ ಹೇಳಿ, ಸಮಯ ಇದ್ದರೆ ಇವನ್ನು ಮಾಡಲಿ: ಡಬ್ಲ್ಯುಪಿಎ3, ಅದು ಇಲ್ಲದಿದ್ದರೆ ಡಬ್ಲ್ಯುಪಿಎ2 ಆರಿಸಲಿ. ಮೊಬೈಲ್ ನಂಬರ್, ಹುಟ್ಟಿದ ದಿನ ಇಲ್ಲದ, ಸಂಬಂಧವಿಲ್ಲದ ನಾಲ್ಕೈದು ಪದ ಸೇರಿಸಿದ ಉದ್ದದ ಪಾಸ್‌ವರ್ಡ್ ಇಡಲಿ. ರೂಟರ್‌ನ ಸೆಟ್ಟಿಂಗ್ ತೆರೆಯುವ ಅಡ್ಮಿನ್ ಪಾಸ್‌ವರ್ಡ್ ಬೇರೆಯೇ ಇರುತ್ತದೆ. ಅದನ್ನು ಬದಲಿಸದೆ ಬಿಡುವ ಮನೆಗಳೇ ಜಾಸ್ತಿ.

ಪಾಸ್‌ವರ್ಡ್ ಬದಲು ಪಿನ್ ಅಥವಾ ಗುಂಡಿಯಿಂದ ಸಾಧನ ಸೇರಿಸುವ ಡಬ್ಲ್ಯುಪಿಎಸ್ ಅನ್ನುವುದನ್ನು ಆಫ್ ಮಾಡಿಬಿಡಿ. ಅದರ ಪಿನ್ ಎಂಟು ಅಂಕಿಯದ್ದು, ಕೇಳಲು ಗಟ್ಟಿ. ಆದರೆ ರೂಟರ್ ಅದನ್ನು ಎರಡು ತುಂಡಾಗಿ ಪರೀಕ್ಷಿಸುತ್ತದೆ, ಕೊನೆಯ ಅಂಕಿ ಬರೀ ತಾಳೆ ನೋಡಲು. ಹಾಗಾಗಿ ಸುಮಾರು 11,000 ಪ್ರಯತ್ನದಲ್ಲಿ ಪಿನ್ ಒಡೆಯಬಹುದು ಅಂತ 2011ರಲ್ಲೇ ಬಯಲಾಗಿದೆ. ಮನೆಗೆ ಬಂದವರಿಗೆ, ಸ್ಮಾರ್ಟ್ ಬಲ್ಬು, ಕ್ಯಾಮೆರಾಗಳಿಗೆ ಗೆಸ್ಟ್ ನೆಟ್‌ವರ್ಕ್ ಕೊಡಿ. ನಿಮ್ಮ ಬ್ಯಾಂಕ್ ವ್ಯವಹಾರ ಇರುವ ಲ್ಯಾಪ್‌ಟಾಪ್ ಅವುಗಳ ಜೊತೆ ಒಂದೇ ಕಡೆ ಇರಬೇಕಾಗಿಲ್ಲ.

ಪ್ರಶ್ನೆ: ಕರೆಂಟ್ ಹೋಗಿ ಕ್ಷಣದಲ್ಲಿ ಬಂದರೂ ವೈ-ಫೈ ಮತ್ತೆ ಬರಲು ಕೆಲವು ನಿಮಿಷ ಬೇಕು. ಅಷ್ಟರಲ್ಲಿ ಮೀಟಿಂಗ್ ಕಡಿದಿರುತ್ತದೆ. ಪರಿಹಾರ?
— ಖಾಸಗಿ ಕಂಪನಿ ಉದ್ಯೋಗಿ

ಉತ್ತರ: ರೂಟರ್‌ಗೆಂದೇ ಸಿಗುವ ಚಿಕ್ಕ ಯುಪಿಎಸ್ ಹಾಕಿ. ಕೊಳ್ಳುವ ಮುಂಚೆ ನಿಮ್ಮ ಅಡಾಪ್ಟರ್ ಮೇಲೆ ಬರೆದಿದ್ದನ್ನು ಓದಿ. ಹೆಚ್ಚಿನವು 12 ವೋಲ್ಟ್, ಕೆಲವು 9 ಅಥವಾ 5. ವೋಲ್ಟ್ ಕರಾರುವಾಕ್ಕಾಗಿ ಹೊಂದಬೇಕು. ಆಂಪಿಯರ್ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಇರಬಹುದು, ಕಡಿಮೆ ಇರಬಾರದು. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂಬ ಚಿಕ್ಕ ಚಿತ್ರವೂ ಅಲ್ಲೇ ಇರುತ್ತದೆ, ಅದೂ ಹೊಂದಬೇಕು. ಫೈಬರ್ ಪೆಟ್ಟಿಗೆ ಬೇರೆಯಾಗಿದ್ದರೆ ಎರಡಕ್ಕೂ ಯುಪಿಎಸ್ ಬೇಕು. ರೂಟರ್ ಒಂದೇ ಉಳಿದರೆ ಫೋನಿನಲ್ಲಿ ಕಡ್ಡಿ ಪೂರ್ತಿ ಕಾಣುತ್ತದೆ, ಮೀಟಿಂಗ್ ಮಾತ್ರ ಕಡಿದೇ ಇರುತ್ತದೆ.