ಸಂಗಮದ ದಡಕ್ಕೆ ಮಕ್ಕಳನ್ನು ಕರೆದೊಯ್ಯುವ ಮೊದಲು

ಮೇಡಂ, ಎಂಟನೇ ತರಗತಿ ಮಕ್ಕಳ ಪ್ರವಾಸದಲ್ಲಿ ಶ್ರೀರಂಗಪಟ್ಟಣದ ಸಂಗಮದ ಬಳಿ ಕಾವೇರಿ ದಡ ಸ್ವಚ್ಛ ಮಾಡಿಸಬಹುದಾ, ಏನು ಎಚ್ಚರ ಬೇಕು ಅಂತ ಕೇಳಿದ್ದೀರಿ. ಖಂಡಿತ ಮಾಡಿಸಿ, ತುಂಬಾ ಒಳ್ಳೆಯ ಕೆಲಸ. ಆದರೆ ಮಳೆಗಾಲದಲ್ಲಿ ಬೇಡ. ಕೆಆರ್‌ಎಸ್ ತುಂಬಿ ಗೇಟು ತೆಗೆದರೆ ಇಲ್ಲಿ ನೀರು ಬೇಗ ಏರುತ್ತದೆ. ಜನವರಿ, ಫೆಬ್ರವರಿ ವಾಸಿ. ಆಗಲೂ ಮಕ್ಕಳು ನೀರಿಗೆ ಇಳಿಯಲೇಬಾರದು. ಕಲ್ಲಿನ ಮೇಲೆ ಪಾಚಿ, ನಡುವೆ ಗುಂಡಿ ಇರುತ್ತವೆ. ಹತ್ತಿರದ ರಂಗನತಿಟ್ಟಿನ ಕಡೆ ಮೊಸಳೆಗಳೂ ಇವೆ.

ಸಂಗಮಕ್ಕೆ ಅಸ್ಥಿ ಬಿಡಲು ಜನ ಬರುತ್ತಾರೆ. ಹಾಗಾಗಿ ಚಿಪ್ಸ್ ಕವರಿನ ಜೊತೆಗೆ ಬಿಟ್ಟುಹೋದ ಬಟ್ಟೆ, ಮಡಕೆ ಚೂರು, ಬ್ಲೇಡು ಕೂಡ ಸಿಗಬಹುದು. ಒದ್ದೆ ಬಟ್ಟೆ ವಿಪರೀತ ಭಾರ, ತೆಳು ಕವರು ಹರಿದುಹೋಗುತ್ತದೆ. ತೊಳೆದ ಗೊಬ್ಬರದ ಚೀಲ ಒಯ್ಯಿರಿ. ಶೂ, ದಪ್ಪ ರಬ್ಬರ್ ಗ್ಲೌಸ್ ಬೇಕೇ ಬೇಕು. ಬ್ಲೇಡು, ಗಾಜನ್ನು ದೊಡ್ಡವರೇ ಇಕ್ಕಳದಲ್ಲಿ ಎತ್ತಲಿ. ಯಾರಾದರೂ ಕಾರ್ಯ ಮಾಡುತ್ತಿದ್ದರೆ ಆ ಕಡೆ ಹೋಗಬಾರದು, ಗಲಾಟೆ ಮಾಡಬಾರದು ಅಂತ ಬಸ್ಸಿನಲ್ಲೇ ಹೇಳಿಬಿಡಿ. ಅವರು ದುಃಖದಲ್ಲಿರುತ್ತಾರೆ, ಅಲ್ವಾ?

ಇನ್ನೊಂದು ವಿಷಯ. ಪುರಸಭೆಗೆ ಮೊದಲೇ ಪತ್ರ ಕೊಟ್ಟು ಕಸದ ಗಾಡಿ ಕೇಳಿ. ಚೀಲಗಳನ್ನು ದಡದಲ್ಲೇ ಬಿಟ್ಟು ಬಂದರೆ ನಾಯಿಗಳು ಹರಿದು, ಎಲ್ಲಾ ಮತ್ತೆ ನೀರಿಗೇ ಸೇರುತ್ತದೆ. ಗಾಡಿ ಖಾತ್ರಿಯಾದ ಮೇಲೆಯೇ ದಿನ ಗೊತ್ತು ಮಾಡಿ.